ಮೊಗಲ್‌ನಲ್ಲಿ ನಾಲ್ಕನೇ ಉಬ್ಬಿಗೇ ಹಿಡಿತ ತಪ್ಪುತ್ತದೆ, ಏನು ಮಾಡಲಿ?

ಹೊಸಬ:
ಸಪಾಟಾದ ಇಳಿಜಾರಿನಲ್ಲಿ ಚೆನ್ನಾಗಿಯೇ ಸ್ಕೀ ಮಾಡುತ್ತೇನೆ, ಕಡಿದಾಗಿದ್ದರೂ ಭಯವಿಲ್ಲ. ಆದರೆ ಮೊಗಲ್‌ಗೆ, ಅಂದರೆ ಆ ಹಿಮದ ಉಬ್ಬುಗಳ ಸಾಲಿಗೆ ಇಳಿದರೆ ಮೊದಲ ಮೂರನ್ನು ಹೇಗೋ ದಾಟುತ್ತೇನೆ, ನಾಲ್ಕನೆಯದು ಬರುವಷ್ಟರಲ್ಲಿ ವೇಗ ಜಾಸ್ತಿಯಾಗಿ, ಮೈ ಹಿಂದಕ್ಕೆ ವಾಲಿ, ಪಕ್ಕಕ್ಕೆ ಓಡಿಹೋಗಿ ನಿಲ್ಲುತ್ತೇನೆ. ಮೊಣಕಾಲು ಬಗ್ಗಿಸು ಅಂತ ಎಲ್ಲರೂ ಹೇಳುತ್ತಾರೆ. ಬಗ್ಗಿಸಿಕೊಂಡೇ ಇರುತ್ತೇನೆ!

ಹಳೇಮಂಜು:
ಬಗ್ಗಿಸಿಕೊಂಡೇ ಇರುತ್ತೀರಲ್ಲ, ಅದೇ ತಪ್ಪು. ಮೊದಲೇ ಬಗ್ಗಿದ ಕಾಲು ಉಬ್ಬು ಬಂದಾಗ ಇನ್ನೆಲ್ಲಿ ಬಗ್ಗೀತು? ಉಬ್ಬು ಹತ್ತುವಾಗ ಮೊಣಕಾಲು ಮೇಲೆ ಬರಲಿ. ನೆತ್ತಿ ದಾಟಿದ ಕೂಡಲೇ ಸ್ಕೀ ಮೂತಿಯನ್ನು ಕೆಳಕ್ಕೆ ಒತ್ತಿ ಕಾಲು ಚಾಚಿ. ಹೀಗೆ ಚಾಚಿದರೆ ಮಾತ್ರ ಮುಂದಿನ ಉಬ್ಬಿಗೆ ಬಗ್ಗಲು ಜಾಗ ಉಳಿಯುತ್ತದೆ, ಸ್ಕೀ ಕೂಡ ಹಿಮ ಬಿಟ್ಟು ಏಳುವುದಿಲ್ಲ. ಹಿಮ ಬಿಟ್ಟ ಸ್ಕೀಯನ್ನು ತಿರುಗಿಸಿ ವೇಗ ಕಡಿಮೆ ಮಾಡುವುದು ಹೇಗೆ ಹೇಳಿ? ಕಣಕಾಲು ಬೂಟಿನ ಮುಂಭಾಗಕ್ಕೆ ಒತ್ತಿಕೊಂಡೇ ಇರಲಿ.

ಎರಡುಕೋಲು:
ಅದರ ಜೊತೆಗೆ ದಾರಿಯನ್ನೂ ನೋಡಿ. ಹಳ್ಳದಲ್ಲೇ ನೇರ ಹೋದರೆ ಅದು ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ಶುರುವಿನಲ್ಲಿ ಉಬ್ಬಿನ ನೆತ್ತಿಯ ಮೇಲೆ ತಿರುಗಿ, ಅಲ್ಲಿ ಸ್ಕೀಯ ಎರಡು ತುದಿಯೂ ಬಿಡುವಾಗಿರುವುದರಿಂದ ಸುಲಭವಾಗಿ ತಿರುಗುತ್ತದೆ. ಆಮೇಲೆ ಆಚೆ ಬದಿಯಲ್ಲಿ ಅಡ್ಡಡ್ಡ ಜಾರುತ್ತಾ ಇಳಿಯಿರಿ, ವೇಗ ಅಲ್ಲೇ ಕಡಿಮೆಯಾಗುತ್ತದೆ. ಇನ್ನೊಂದು, ಪೋಲ್ (ಕೈಯಲ್ಲಿ ಹಿಡಿಯುವ ಕೋಲು) ಊರಿದ ಕೈಯನ್ನು ತಕ್ಷಣ ಮುಂದಕ್ಕೆ ತನ್ನಿ. ನಾನು ಎರಡು ಸೀಸನ್ ಪೂರ್ತಿ ಆ ಕೈಯನ್ನು ಹಿಂದೆಯೇ ಬಿಟ್ಟು, ಅದರ ಹಿಂದೆ ಹೆಗಲು, ಹೆಗಲಿನ ಹಿಂದೆ ಇಡೀ ಮೈ ತಿರುಗಿ ಬೀಳುತ್ತಿದ್ದೆ, ಸುಮ್ನೆ ಬೂಟನ್ನು ಬೈಯುತ್ತಿದ್ದೆ.

ಇಳಿಜಾರು:
ಸ್ಪರ್ಧೆ ನೋಡಿ ವೇಗವೇ ಮುಖ್ಯ ಅಂದುಕೊಳ್ಳಬೇಡಿ. 1992ರಿಂದ ಒಲಿಂಪಿಕ್ಸ್‌ನಲ್ಲಿ ಇದಕ್ಕೆ ಪದಕ ಇದೆ. ಅಲ್ಲೂ ಅಂಕದಲ್ಲಿ ಶೇ. 60 ತಿರುವಿಗೆ, ವೇಗಕ್ಕೆ ಬರೀ ಶೇ. 20, ಉಳಿದದ್ದು ಜಿಗಿತಕ್ಕೆ. 2018ರಲ್ಲಿ ಚಿನ್ನ ಗೆದ್ದ ಕೆನಡಾದ ಮಿಕಾಯೆಲ್ ಕಿಂಗ್ಸ್‌ಬರಿ ಇಳಿಯುವುದನ್ನು ನೋಡಿ. ಮೊಣಕಾಲು ಹೊಲಿಗೆ ಯಂತ್ರದ ಸೂಜಿಯಂತೆ ಓಡುತ್ತದೆ, ಎದೆ ಮಾತ್ರ ಕೆಳಗಿನ ದಿಕ್ಕಿಗೇ ನೆಟ್ಟಿರುತ್ತದೆ.

ಹೊಸಬ:
ಅಂದರೆ ಇಷ್ಟು ದಿನ ಕುರ್ಚಿ ಮೇಲೆ ಕೂತ ಹಾಗೆ ಇಳಿಯುತ್ತಿದ್ದೆ ಅಂತಾಯಿತು! ಸ್ಕೀ ಎರಡನ್ನೂ ಅಂಟಿಸಿಕೊಂಡಿರಬೇಕಾ?

ಹಳೇಮಂಜು:
ಅಂಟಿಸಬೇಕಿಲ್ಲ, ಹತ್ತಿರ ಇದ್ದರೆ ಸಾಕು. ತೀರಾ ಅಗಲವಾದರೆ ಒಂದು ಕಾಲು ಉಬ್ಬಿನ ಮೇಲೆ, ಇನ್ನೊಂದು ಹಳ್ಳದಲ್ಲಿ. ಮೊದಲು ಚಿಕ್ಕ ಉಬ್ಬುಗಳಲ್ಲಿ ಮೂರೇ ತಿರುವು ಮಾಡಿ ನಿಲ್ಲಿ. ನಾಲ್ಕನೆಯದರ ಯೋಚನೆ ಆಮೇಲೆ.