05/01 ಹೋಗಿ ಮೇ 1 ಆಗಿದೆ, ಸರಿ ಮಾಡೋದು ಹೇಗೆ?

ಗಂಜ್ ಲೆಕ್ಕ, ಕಲಬುರಗಿ:
ನಮಸ್ಕಾರ. ಇಲ್ಲಿ ಗಂಜಿನ (ಧಾನ್ಯದ ಮಾರುಕಟ್ಟೆ) ಒಂದು ಅಡತ್ ಅಂಗಡಿಯಲ್ಲಿ, ಅಂದ್ರೆ ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವ ಅಂಗಡಿಯಲ್ಲಿ, ಲೆಕ್ಕ ಬರೆಯುತ್ತೇನೆ. ಜನವರಿಯ ತೊಗರಿ ಪಟ್ಟಿಗಳನ್ನು (ರೈತರಿಗೆ ಕೊಡುವ ಮಾರಾಟದ ಚೀಟಿ) ಸಿಎಸ್‌ವಿ, ಅಂದ್ರೆ ಕಾಮಾದಿಂದ ಬೇರ್ಪಡಿಸಿದ ಸಾಲುಗಳ ಫೈಲ್ ಮಾಡಿ, ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಹಾಕಲು ಹೋದೆ. 13/01/2024 ಇದ್ದ ಸಾಲಿಗೆ ಎರರ್ ಬಂದು ನಿಂತುಬಿಟ್ಟಿತು. 13ರಿಂದ 31ರವರೆಗಿನ ತಾರೀಖುಗಳನ್ನು ಕೈಯಿಂದಲೇ 2024-01-13 ಅಂತ ತಿದ್ದಿದೆ. ಆಮೇಲೆ ಸಲೀಸಾಗಿ ಹೋಯಿತು. ಎರರ್ ಇಲ್ಲ ಅಂದ್ರೆ ಎಲ್ಲ ಸರಿ ಇದೆ ಅಂದುಕೊಂಡೆ.

ನಿನ್ನೆ ಒಬ್ಬ ರೈತರು ಪಟ್ಟಿ ಹಿಡಿದುಕೊಂಡು ಬಂದರು. ಬೆವರಿಗೆ ಮೆತ್ತಗಾಗಿದ್ದ ಕಾಗದ, ಮೇಲೆ 05/01/2024. ದುಡ್ಡು ಇನ್ನೂ ಕೈಸೇರಿಲ್ಲ. ನನ್ನ ಬಾಕಿ ಲಿಸ್ಟಿನಲ್ಲಿ ಅವರದು ಮೇ 1! ಮೊದಲು ಮಾಲು ತಂದವರು ಕಟ್ಟಕಡೆಗೆ ಹೋಗಿದ್ದಾರೆ. ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು, 1,25,400 ಅಂತ ಇದ್ದ ಮೊತ್ತವನ್ನು ನ್ಯೂಮರಿಕ್ (ಸಂಖ್ಯೆ ಮಾತ್ರ ಹಿಡಿಯುವ) ಕಾಲಂ ತಗೊಳ್ಳಲಿಲ್ಲ. ಕಾಲಂ ಅನ್ನು ಟೆಕ್ಸ್ಟ್ (ಬರೀ ಅಕ್ಷರ) ಮಾಡಿದೆ. ಈಗ ದೊಡ್ಡ ಮೊತ್ತ ಮೊದಲು ತೋರಿಸು ಅಂದ್ರೆ 9,800 ಮೇಲೆ ಕೂರುತ್ತದೆ.

ಬೀದರ್ ಹುಡುಗ:
ಅಣ್ಣಾ, ನಿಮ್ಮ ಸರ್ವರಿನ ಡೇಟ್‌ಸ್ಟೈಲ್ (ತಾರೀಖನ್ನು ಯಾವ ಕ್ರಮದಲ್ಲಿ ಓದಬೇಕು ಅನ್ನೋ ಸೆಟ್ಟಿಂಗ್) ಎಂಡಿವೈ ಇದೆ, ತಿಂಗಳು ಮೊದಲು. 13ನೇ ತಿಂಗಳು ಇಲ್ಲವಲ್ಲ, ಅದಕ್ಕೇ ಅಲ್ಲಿ ಎರರ್. 12ರ ಒಳಗಿನವೆಲ್ಲ ಸುಮ್ನೆ ತಿರುಗಿಕೊಂಡು ಒಳಗೆ ಹೋಗಿವೆ. ಡೇಟ್‌ಸ್ಟೈಲ್ ಅನ್ನು ಡಿಎಂವೈ ಮಾಡಿ, ದಿನ ಮೊದಲು. ಆದರೆ ಈಗಾಗಲೇ ಒಳಗೆ ಕೂತಿರೋದು ಅದರಿಂದ ಸರಿಹೋಗಲ್ಲ.

ಯಾದಗಿರಿ ಅಕ್ಕ:
ಟೇಬಲ್‌ನಲ್ಲೇ ತಿಂಗಳು, ದಿನ ಅದಲುಬದಲು ಮಾಡೋಕೆ ಹೋಗಬೇಡಿ ತಮ್ಮಾ. ಕೈಯಿಂದ ತಿದ್ದಿದ್ದೂ ಅದರಲ್ಲೇ ಸೇರಿದೆ, ಇನ್ನೂ ಗೋಜಲಾಗುತ್ತದೆ. ಮೊದಲಿನ, ತಿದ್ದದ ಫೈಲ್ ಇದೆ ಅಲ್ವಾ? ಎಲ್ಲ ಕಾಲಂ ಟೆಕ್ಸ್ಟ್ ಇರುವ ಒಂದು ತಾತ್ಕಾಲಿಕ ಟೇಬಲ್ ಮಾಡಿ, ಅದನ್ನು ಅಲ್ಲಿಗೆ ಸುರಿಯಿರಿ. ಅಲ್ಲಿಂದ ಅಸಲಿ ಟೇಬಲ್‌ಗೆ ಕಳಿಸುವಾಗ ಟು_ಡೇಟ್ ಫಂಕ್ಷನ್‌ಗೆ ದಿನ, ತಿಂಗಳು, ವರ್ಷ ಅನ್ನೋ ಕ್ರಮವನ್ನು ನೀವೇ ಕೊಡಿ. ಆಗ ಸರ್ವರ್ ಊಹೆ ಮಾಡುವ ಮಾತೇ ಇಲ್ಲ. ಮೊತ್ತಕ್ಕೆ ರಿಪ್ಲೇಸ್‌ನಿಂದ ಕಾಮಾ ತೆಗೆದು ನ್ಯೂಮರಿಕ್ ಮಾಡಿ. ಲಕ್ಷದ ಕಾಮಾ ಪರದೆ ಮೇಲೆ ತೋರಿಸುವಾಗ ಹಾಕಿದರೆ ಸಾಕು. ಹಳೇ ಪಟ್ಟಿಯಲ್ಲಿ ೧೨೫ ಅಂತ ಕನ್ನಡ ಅಂಕಿ ಇದ್ದರೆ ಟ್ರಾನ್ಸ್‌ಲೇಟ್ ಫಂಕ್ಷನ್‌ನಿಂದ ಮೊದಲು 125 ಮಾಡಿಕೊಳ್ಳಿ, ಕನ್ನಡ ಅಂಕಿಯನ್ನು ನ್ಯೂಮರಿಕ್ ಒಪ್ಪಲ್ಲ.

ಗಂಜ್ ಲೆಕ್ಕ:
ಅಕ್ಕಾ, ಆಯಿತು! ಹಳೇ ಫೈಲ್ ಪೆನ್‌ಡ್ರೈವ್‌ನಲ್ಲಿ ಸಿಕ್ಕಿತು. ಎಲ್ಲ ಹೊಸದಾಗಿ ಹಾಕಿ, 12ರ ಒಳಗಿನ ಪ್ರತಿ ಸಾಲನ್ನೂ ಕಾಗದದ ಪಟ್ಟಿ ಜೊತೆ ಹೋಲಿಸಿ ನೋಡಿದೆ. ಆ ರೈತರ ಹೆಸರು ಈಗ ಜನವರಿ 5ರಲ್ಲೇ ಇದೆ. ಬೆಳಿಗ್ಗೆ ಫೋನ್ ಮಾಡಿ ಬರಲು ಹೇಳಿದ್ದೇನೆ.