ಸಹಾಯ ಬೇಕು: ಮಗಳ ಎಸ್‌ಎಸ್‌ಎಲ್‌ಸಿ ಇಂಗ್ಲಿಷ್‌ಗೆ

ಎಲ್ಲರಿಗೂ ನಮಸ್ಕಾರ. ನಾವು ಕಾಮಾಕ್ಷಿಪಾಳ್ಯದಲ್ಲಿದ್ದೇವೆ. ಮಗಳದು ಕನ್ನಡ ಮಾಧ್ಯಮ, ಇಂಗ್ಲಿಷ್ ದ್ವಿತೀಯ ಭಾಷೆ. ಲಿಖಿತ ಪರೀಕ್ಷೆಗೆ 80 ಅಂಕ. ಪಾಠ, ಪದ್ಯ ಚೆನ್ನಾಗಿ ಓದಿಕೊಂಡಿದ್ದಾಳೆ. ಕಷ್ಟ ಇರುವುದು ವ್ಯಾಕರಣದಲ್ಲಿ, ಮತ್ತೆ ಹೊಸ ಗದ್ಯ ಓದಿ ಉತ್ತರ ಬರೆಯುವುದರಲ್ಲಿ.

ಜಾಸ್ತಿ ಎಡವುವುದು ರಿಪೋರ್ಟೆಡ್ ಸ್ಪೀಚ್‌ನಲ್ಲಿ, ಅಂದರೆ ಒಬ್ಬರು ಆಡಿದ ಮಾತನ್ನು ಇನ್ನೊಬ್ಬರು ವರದಿ ಮಾಡಿ ಹೇಳುವುದರಲ್ಲಿ. ಕನ್ನಡದಲ್ಲಿ ನಾವು 'ನಾಳೆ ಬರುತ್ತೇನೆ ಅಂತ ಹೇಳಿದಳು' ಅಂದುಬಿಡುತ್ತೇವೆ. ಅವಳ ಮಾತು ಇದ್ದ ಹಾಗೇ ಇರುತ್ತದೆ. ಇಂಗ್ಲಿಷ್‌ನಲ್ಲಿ 'ಐ' ಹೋಗಿ 'ಶಿ' ಬರಬೇಕು, 'ವಿಲ್' 'ವುಡ್' ಆಗಬೇಕು, 'ಟುಮಾರೋ' ಕೂಡ 'ದ ನೆಕ್ಸ್ಟ್ ಡೇ' ಆಗಬೇಕು. ನಿಯಮ ಅವಳಿಗೆ ಗೊತ್ತು, ಬರೆಯುವಾಗ ಒಂದಾದರೂ ಬಿಟ್ಟುಹೋಗುತ್ತದೆ. ಎ, ಆನ್, ದ ಕಥೆಯೂ ಅದೇ. ನಮ್ಮ ಭಾಷೆಯಲ್ಲಿ ಅವು ಇಲ್ಲವೇ ಇಲ್ಲ ಅಲ್ವಾ?

ದಿನಕ್ಕೆ 5 ಹೊಸ ಪದ ಬರೆದಿಡುತ್ತಾಳೆ. ವಾರದಲ್ಲಿ ಅರ್ಧ ಮರೆತಿರುತ್ತಾಳೆ. ಸುಮ್ನೆ ಬರೆದರೆ ಸಾಲದು, ವಾಕ್ಯದಲ್ಲಿ ಬಳಸಬೇಕು ಅಂತ ನನಗನಿಸುತ್ತದೆ.

ವಿಜಯನಗರ, ಬಸವೇಶ್ವರನಗರದ ಕಡೆ ಭಾನುವಾರ ಒಂದು ಗಂಟೆ ಹೇಳಿಕೊಡುವವರು ಇದ್ದೀರಾ? ಕಬ್ಬನ್ ಪಾರ್ಕ್ ಲೈಬ್ರರಿಗೆ ಬೇಕಾದರೂ ಕರೆತರುತ್ತೇನೆ. ಶುಲ್ಕ ಕೊಡುತ್ತೇವೆ. ಆದರೆ ಕನ್ನಡದಲ್ಲಿ ಬಿಡಿಸಿ ಹೇಳುವವರೇ ಬೇಕು. ಹಳೇ ಪ್ರಶ್ನೆಪತ್ರಿಕೆಗಳಿದ್ದರೆ ದಯವಿಟ್ಟು ತಿಳಿಸಿ, ಜೆರಾಕ್ಸ್ ಮಾಡಿಸಿ ವಾಪಸ್ ಕೊಡುತ್ತೇನೆ.