ಸಹಾಯ ಬೇಕು: ತೂಕ ಹೆಚ್ಚಿರುವ ಮಕ್ಕಳಿಗೆ ದಾವಣಗೆರೆಯಲ್ಲಿ ವ್ಯಾಯಾಮ ಕಲಿಸುವವರು ಯಾರಿದ್ದಾರೆ?

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗನಿಗೆ 13 ವರ್ಷ. ತೂಕ ವಯಸ್ಸಿಗೆ ಮೀರಿದೆ. ಥೈರಾಯ್ಡ್ ತೊಂದರೆಯೇನೂ ಇಲ್ಲ, ಓಡಾಟ ಹೆಚ್ಚಬೇಕು ಎಂದು ಮಕ್ಕಳ ವೈದ್ಯರು ಹೇಳಿದ್ದಾರೆ. ಆದರೆ ಆಟದ ಪಿರಿಯಡ್‌ನಲ್ಲಿ ಅವನು ಮೈಗಂಟಿದ ಅಂಗಿಯನ್ನು ಹೊಟ್ಟೆಯಿಂದ ಎಳೆದು ಹಿಡಿದುಕೊಂಡು ಮೈದಾನದ ಅಂಚಿನಲ್ಲೇ ನಿಲ್ಲುತ್ತಾನೆ. ಓಡಿದರೆ ನಗುತ್ತಾರೆಂಬ ಭಯ. ತೂಕಕ್ಕಿಂತ ಈ ಅಳುಕೇ ನನ್ನ ಕರುಳು ಹಿಂಡುತ್ತದೆ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಂಥ ಚಟುವಟಿಕೆ, ವಾರಕ್ಕೆ 3 ದಿನವಾದರೂ ಸ್ನಾಯು, ಮೂಳೆ ಗಟ್ಟಿಯಾಗುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕುಂದವಾಡ ಕೆರೆಯ ಏರಿಯ ಮೇಲೆ ಅವನೊಂದಿಗೆ ನಡೆಯುತ್ತಿದ್ದೇನೆ. ದೊಡ್ಡವರ ನಡುವೆ ಅವನಿಗೆ ಬೇಸರ, ಓರಗೆಯವರು ಬೇಕು.

ಇಂಥ ಮಕ್ಕಳಿರುವ ಮನೆಯವರು ಸೇರಿ ಸಂಜೆ ಒಟ್ಟಿಗೆ ಆಡಿಸೋಣವೇ? ಹಂಗಿಸದೆ, ಮೊದಲ ದಿನವೇ ಓಡಿಸಿ ಮಂಡಿ ನೋಯಿಸದೆ ಈಜು, ಕಬಡ್ಡಿ ಅಥವಾ ಗರಡಿಯ ಸಾಮು ಕಲಿಸುವವರು ಗೊತ್ತಿದ್ದರೆ ಸಮಯ, ಶುಲ್ಕ ಸಹಿತ ತಿಳಿಸಿ. ತೂಕ ಇಳಿಸುವ ಪುಡಿ ಮಾರುವವರು ದಯವಿಟ್ಟು ಬರೆಯಬೇಡಿ. ಬೆಳೆಯುವ ಹುಡುಗನ ಊಟ ಕಸಿಯಲು ನನಗೆ ಮನಸ್ಸಿಲ್ಲ.